ಟ್ರೇಲರ್ ಹತ್ತಲು ಒಪ್ಪದ ಕುದುರೆಗೆ ಹಂತ ಹಂತವಾಗಿ ಕಲಿಸುವುದು ಹೇಗೆ?

"ಬೇರೆಲ್ಲದರಲ್ಲೂ ಸಾಧು. ಟ್ರೇಲರ್ ಕಂಡರೆ ಮಾತ್ರ ನಾಲ್ಕೂ ಕಾಲು ಊರಿ ನಿಂತುಬಿಡುತ್ತದೆ. ಏನು ಮಾಡೋದು?"

ಕುದುರೆ ಸಾಕುವವರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಟ್ರೇಲರ್ ಅಂದರೆ ಕುದುರೆಯನ್ನು ಸಾಗಿಸಲು ಗಾಡಿಯ ಹಿಂದೆ ಜೋಡಿಸಿ ಎಳೆಯುವ ಬಂಡಿ. ಕೇಳುವ ಹೊತ್ತಿಗೆ ಅವರು ಹೆಚ್ಚುಕಡಿಮೆ ಎಲ್ಲವನ್ನೂ ಮಾಡಿ ನೋಡಿರುತ್ತಾರೆ. ಮುಂದಿನಿಂದ ಇಬ್ಬರು ಹಗ್ಗ ಎಳೆದಿರುತ್ತಾರೆ. ಹಿಂದಿನಿಂದ ಒಬ್ಬರು ಪೊರಕೆ ಬೀಸಿರುತ್ತಾರೆ. ಮೇವಿನ ಬಕೆಟ್ ತೋರಿಸಿ ಪುಸಲಾಯಿಸಿಯೂ ಆಗಿರುತ್ತದೆ. ಕುದುರೆ ಮಾತ್ರ ನಿಂತಲ್ಲೇ ನಿಂತಿರುತ್ತದೆ.

ಟ್ರೇಲರ್ ಹತ್ತುವುದು ಕುದುರೆಗೆ ಪ್ರತ್ಯೇಕವಾಗಿ ಕಲಿಸಬೇಕಾದ ವಿದ್ಯೆ ಏನಲ್ಲ. ಹೇಳಿದಾಗ ಒಂದು ಹೆಜ್ಜೆ ಮುಂದೆ ಬರಬೇಕು, ಹೇಳಿದಾಗ ಒಂದು ಹೆಜ್ಜೆ ಹಿಂದೆ ಹೋಗಬೇಕು. ಎಲ್ಲಿ ನಿಂತಿದ್ದರೂ ಇವೆರಡನ್ನು ಮಾಡುವ ಕುದುರೆ ಟ್ರೇಲರನ್ನೂ ಹತ್ತುತ್ತದೆ. ಇದರಲ್ಲಿ ಜನ ಕಲಿಸದೆ ಬಿಡುವುದು ಹಿಂದೆ ಹೋಗುವುದನ್ನು. ಹತ್ತಿಸುವ ತರಾತುರಿಯಲ್ಲಿ ಇಳಿಸುವ ಯೋಚನೆಯೇ ಬರುವುದಿಲ್ಲ. ಹೊರಗೆ ಬರುವುದು ಹೇಗೆಂದು ಗೊತ್ತಿಲ್ಲದ ಪ್ರಾಣಿ ಒಳಗೆ ಹೋಗಲು ಯಾಕೆ ಒಪ್ಪೀತು, ಹೇಳಿ? ಮುಂದಿನ ಹಂತಗಳಲ್ಲಿ "ಹಿಂದೆ ಸರಿಸಿ" ಎಂಬ ಮಾತು ಜಾಸ್ತಿ ಬರುವುದು ಅದಕ್ಕೇ.

ಮೊದಲು, ಅದು ಯಾಕೆ ಒಪ್ಪುತ್ತಿಲ್ಲ?

ಬೇಟೆಯಾಡುವ ಪ್ರಾಣಿಗಳಿಂದ ತಪ್ಪಿಸಿಕೊಂಡು ಬದುಕಿದ ಜಾತಿ ಕುದುರೆಯದು. ಬಯಲಲ್ಲಿ ಇರುವುದು, ಗುಂಪಿನ ಜೊತೆ ಇರುವುದು, ಅನುಮಾನ ಬಂದ ಕೂಡಲೇ ಓಡುವುದು ಅದರ ಸ್ವಭಾವ. ಟ್ರೇಲರಿನಲ್ಲಿ ಎಲ್ಲವೂ ಇದಕ್ಕೆ ಉಲ್ಟಾ. ಕತ್ತಲೆ, ಇಕ್ಕಟ್ಟು, ಜೊತೆಗೆ ಯಾರೂ ಇಲ್ಲ, ಓಡಲು ದಾರಿಯಿಲ್ಲ.

ಅದರ ಕಣ್ಣಿನ ಬಗ್ಗೆ ಸ್ವಲ್ಪ ತಿಳಿದಿರಬೇಕು. ಕುದುರೆಯ ಕಣ್ಣುಗಳು ತಲೆಯ ಎರಡು ಬದಿಗಿವೆ. ಸುತ್ತಲೂ ಸುಮಾರು 350 ಡಿಗ್ರಿಯಷ್ಟು ಅದಕ್ಕೆ ಕಾಣುತ್ತದೆ. ಕಾಣದೆ ಇರುವುದು ಹಣೆಯ ನೇರ ಮುಂದೆ ಸ್ವಲ್ಪ ಜಾಗ, ಬಾಲದ ನೇರ ಹಿಂದೆ ಸ್ವಲ್ಪ ಜಾಗ. ಬೆಳಕಿನಿಂದ ಕತ್ತಲೆಗೆ ಹೊಂದಿಕೊಳ್ಳಲು ಅದರ ಕಣ್ಣಿಗೆ ನಮ್ಮ ಕಣ್ಣಿಗಿಂತ ಜಾಸ್ತಿ ಹೊತ್ತು ಬೇಕು. ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ನಿಂತ ಕುದುರೆಗೆ ಟ್ರೇಲರಿನ ಒಳಗಡೆ ಬರೀ ಕಪ್ಪಾಗಿ ಕಾಣುತ್ತದೆ. ಕಾಲ ಬುಡದಲ್ಲಿ ಏನಿದೆ ಎಂದು ನೋಡಲು ಅದು ತಲೆ ತಗ್ಗಿಸಲೇಬೇಕು. ಆ ಹೊತ್ತಿಗೆ ಸರಿಯಾಗಿ ನಾವು ಹಗ್ಗ ಜಗ್ಗಿ ತಲೆ ಎತ್ತಿಸುತ್ತೇವೆ!

ಹಳೆಯ ಕಹಿ ಅನುಭವ ಇನ್ನೊಂದು ಕಾರಣ. ಒಮ್ಮೆ ಒಳಗೆ ತಲೆ ಬಡಿದಿರಬಹುದು, ಚಾಲಕ ಗಕ್ಕನೆ ಬ್ರೇಕ್ ಹಾಕಿದಾಗ ಬಿದ್ದಿರಬಹುದು. ಕುದುರೆಗೆ ಇಂಥದ್ದರ ನೆನಪು ಗಟ್ಟಿ. ನೋವೂ ಇರಬಹುದು. ರ‍್ಯಾಂಪ್ (ಟ್ರೇಲರಿನ ಹಿಂಬದಿಯಲ್ಲಿ ಕೆಳಗೆ ಇಳಿಬಿಡುವ ಇಳಿಜಾರು ಹಲಗೆ) ಹತ್ತುವಾಗ ಹಿಂಗಾಲಿನ ಮೇಲೆ ಭಾರ ಬೀಳುತ್ತದೆ. ಓಡುವ ಗಾಡಿಯಲ್ಲಿ ಉದ್ದಕ್ಕೂ ಸಮತೋಲ ಮಾಡುತ್ತಾ ನಿಲ್ಲಬೇಕು. ಬೆನ್ನೋ ಕೀಲೋ ನೋಯುವ ಕುದುರೆಗೆ ಇದು ದೊಡ್ಡ ಶಿಕ್ಷೆ.

ಇವೆಲ್ಲದರ ಮೇಲೆ, ನಾವೇ ಕಲಿಸಿಕೊಟ್ಟ ಪಾಠ ಒಂದಿದೆ. ಕುದುರೆ ಹಿಂದಕ್ಕೆ ಜಗ್ಗುತ್ತದೆ, ನಮ್ಮ ಕೈ ಸೋತು ಹಗ್ಗ ಸಡಿಲವಾಗುತ್ತದೆ. ಅರ್ಧ ಗಂಟೆ ಹೀಗೆ ನಡೆದ ಮೇಲೆ "ಹೋಗಲಿ ಬಿಡು" ಎಂದು ಲಾಯಕ್ಕೆ ಕರೆದುಕೊಂಡು ಹೋಗುತ್ತೇವೆ. ಜಗ್ಗಿದರೆ ಬಿಡುಗಡೆ ಸಿಗುತ್ತದೆ ಅಂತ ಅದು ಕಲಿತುಕೊಂಡಿತು, ಅಷ್ಟೇ. ಹಠ ಅಂತ ನಾವು ಕರೆಯುವುದು ಎಷ್ಟೋ ಸಲ ಇದನ್ನೇ.

ಏನೇನು ಬೇಕು?

ಸರಿಯಾಗಿ ಕೂರುವ ಹಾಲ್ಟರ್, ಅಂದರೆ ಬಾಯಿಗೆ ಕಡಿವಾಣವಿಲ್ಲದ ತಲೆಪಟ್ಟಿ. ಪಾಠಕ್ಕೆ ತೆಳುಹಗ್ಗದ ಹಾಲ್ಟರ್ ಆಗುತ್ತದೆ, ಸೂಚನೆ ಸ್ಪಷ್ಟವಾಗಿ ತಲುಪುತ್ತದೆ. ಆದರೆ ಅದನ್ನು ಹಾಕಿ ಕಟ್ಟಬೇಡಿ, ಪ್ರಯಾಣವನ್ನೂ ಮಾಡಿಸಬೇಡಿ. ಎಲ್ಲಾದರೂ ಸಿಕ್ಕಿಕೊಂಡರೆ ಅದು ಹರಿಯುವುದಿಲ್ಲ, ಕುದುರೆಯ ಕತ್ತಿಗೇ ಪೆಟ್ಟು. ಪ್ರಯಾಣಕ್ಕೆ ತೊಗಲಿನ ಹಾಲ್ಟರ್ ಒಳ್ಳೆಯದು. ತೀರಾ ಜಗ್ಗಿದರೆ ಅದು ಕಿತ್ತುಹೋಗುತ್ತದೆ, ಹೋಗಲೂಬೇಕು.

ಹಿಡಿಯುವ ಹಗ್ಗ ಮೂರು ಮೂರೂವರೆ ಮೀಟರ್ ಉದ್ದವಿರಲಿ. ಗಿಡ್ಡ ಹಗ್ಗ ಹಿಡಿದರೆ ಕುದುರೆ ಹಿಂದೆ ನುಗ್ಗಿದಾಗ ನೀವೂ ಅದರ ಜೊತೆ ಹೋಗುತ್ತೀರಿ. ಹಗುರವಾದ ಉದ್ದ ಕೋಲು ಅಥವಾ ಚಾಟಿ ಒಂದು. ಇದು ಹೊಡೆಯಲು ಅಲ್ಲ, ನಿಮ್ಮ ಕೈಗೆ ಎಟುಕದ ಕಡೆ ಮುಟ್ಟಲು. ನಿಮಗೆ ಕೈಗವಸು, ಗಟ್ಟಿ ಬೂಟು, ಹೆಲ್ಮೆಟ್. ಹೆಲ್ಮೆಟ್ ಸವಾರಿಗೆ ಮಾತ್ರ ಅಂದುಕೊಳ್ಳಬೇಡಿ. ಟ್ರೇಲರಿನ ಹತ್ತಿರ ತಲೆಗೆ ಪೆಟ್ಟು ಬೀಳುವ ಸಂದರ್ಭ ಸವಾರಿಯಲ್ಲಿ ಇರುವಷ್ಟೇ ಇದೆ ಅಂದುಕೊಂಡೇ ಕೆಲಸ ಮಾಡಿ. ಕುದುರೆಗೆ ಕಾಲುರಕ್ಷೆ ಕಟ್ಟುವುದಾದರೆ ಬೇರೆ ದಿನ ಕಟ್ಟಿ ಅಭ್ಯಾಸ ಮಾಡಿಸಿ. ಹೊಸ ಕಾಲುರಕ್ಷೆ, ಹೊಸ ಟ್ರೇಲರ್ ಎರಡೂ ಒಂದೇ ದಿನ ಬೇಡ.

ಬಹುಮಾನಕ್ಕೆ ಕ್ಯಾರೆಟ್ ಚೂರು ಅಥವಾ ಅದು ಇಷ್ಟಪಡುವ ಇನ್ನೇನಾದರೂ. ಜೊತೆಗೆ ಒಬ್ಬರೇ ಒಬ್ಬರು ಸಹಾಯಕರು, ಮಾತು ಕಡಿಮೆ ಆಡುವವರು. ಸುತ್ತ ನಿಂತು ಸಲಹೆ ಕೊಡುವವರನ್ನು ದಯವಿಟ್ಟು ಚಹಾ ಕುಡಿಯಲು ಕಳಿಸಿ.

ಹಂತ 1: ಕುದುರೆಯನ್ನೂ ಟ್ರೇಲರನ್ನೂ ಪರೀಕ್ಷಿಸಿ

ಮೊದಲೆಲ್ಲ ಸಲೀಸಾಗಿ ಹತ್ತುತ್ತಿದ್ದ ಕುದುರೆ ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಮೊದಲು ಪಶುವೈದ್ಯರನ್ನು ಕೇಳಿ. ಪಾಠ ಆಮೇಲೆ.

ಟ್ರೇಲರಿನ ನೆಲದ ಮೇಲಿನ ರಬ್ಬರ್ ಹಾಸನ್ನು ಎತ್ತಿ ನೋಡಿ. ಮರದ ಹಲಗೆಗಳು ಮೇಲೆ ಚೆನ್ನಾಗಿದ್ದು ಕೆಳಗೆ ಕೊಳೆತಿರಬಹುದು. ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ. ಸುಲಭವಾಗಿ ಒಳಗೆ ಹೋದರೆ ಹಲಗೆ ಬದಲಿಸುವ ತನಕ ಆ ಟ್ರೇಲರ್ ಬೇಡ. ಕುದುರೆ ಅಂದರೆ 400ರಿಂದ 600 ಕಿಲೋ ತೂಕ, ಅದೂ ನಾಲ್ಕು ಸಣ್ಣ ಗೊರಸುಗಳ ಮೇಲೆ. ರ‍್ಯಾಂಪಿನ ಕೀಲು, ಸ್ಪ್ರಿಂಗು, ಚಿಲಕ, ಟೈರು, ಲೈಟು ನೋಡಿ. ಮೂಲೆಗಳಲ್ಲಿ ಕಣಜದ ಗೂಡು ಇದೆಯೇ ಅಂತಲೂ ನೋಡಿ, ನಿಂತ ಟ್ರೇಲರಿನಲ್ಲಿ ಅದು ಸಾಮಾನ್ಯ.

ಒಳಗಿನ ಎತ್ತರವೂ ಮುಖ್ಯ. ಕುದುರೆಯ ಎತ್ತರವನ್ನು "ಹ್ಯಾಂಡ್" ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಹ್ಯಾಂಡ್ ಅಂದರೆ 4 ಇಂಚು. ಕತ್ತು ಮುಗಿದು ಬೆನ್ನು ಶುರುವಾಗುವ ಉಬ್ಬಿನ ತನಕ ಅಳೆಯುತ್ತಾರೆ. 16 ಹ್ಯಾಂಡ್, ಅಂದರೆ ಸುಮಾರು 163 ಸೆಂಟಿಮೀಟರ್ ಎತ್ತರದ ಕುದುರೆಗೆ ಒಳಗೆ 7 ಅಡಿ ಎತ್ತರವಾದರೂ ಇದ್ದರೆ ಚೆನ್ನ. ತಲೆ ತಾಗುವ ಟ್ರೇಲರಿಗೆ ಹತ್ತುವುದಿಲ್ಲ ಎಂದು ಕುದುರೆ ಹೇಳಿದರೆ ಅದು ಹೇಳುವುದೇ ಸರಿ.

ಹಂತ 2: ಟ್ರೇಲರನ್ನು ಸರಿಯಾಗಿ ನಿಲ್ಲಿಸಿ

ಎಳೆಯುವ ಗಾಡಿಗೆ ಜೋಡಿಸದ ಟ್ರೇಲರಿಗೆ ಕುದುರೆಯನ್ನು ಯಾವತ್ತೂ ಹತ್ತಿಸಬೇಡಿ, ಅಭ್ಯಾಸಕ್ಕೂ ಬೇಡ. ಹಿಂಬದಿಗೆ ಭಾರ ಬಿದ್ದ ಕೂಡಲೇ ಮುಂಬದಿ ಮೇಲೆದ್ದುಬಿಡುತ್ತದೆ. ಗಾಡಿಗೆ ಜೋಡಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಗಳಿಗೆ ಅಡೆ ಕೊಡಿ.

ಜಾರದ ಗಟ್ಟಿ ನೆಲ ಆರಿಸಿ. ಸ್ವಲ್ಪ ಏರಿರುವ ಜಾಗ ಸಿಕ್ಕರೆ ಟ್ರೇಲರಿನ ಹಿಂಬದಿಯನ್ನು ಏರಿನ ಕಡೆಗೆ ಮಾಡಿ ನಿಲ್ಲಿಸಿ, ರ‍್ಯಾಂಪಿನ ಇಳಿಜಾರು ಕಡಿಮೆಯಾಗುತ್ತದೆ. ಸೂರ್ಯನ ಬೆಳಕು ಹಿಂದಿನಿಂದ ಒಳಗೆ ಬೀಳುವಂತೆ ತಿರುಗಿಸಿ. ಮುಂದಿನ ಬಾಗಿಲು, ಕಿಟಕಿಗಳನ್ನು ತೆರೆದಿಡಿ. ಮಧ್ಯದ ಅಡ್ಡಗೋಡೆಯನ್ನು ಒಂದು ಬದಿಗೆ ಸರಿಸಲು ಆಗುವುದಾದರೆ ಸರಿಸಿ ಕಟ್ಟಿ, ಒಳಗೆ ವಿಶಾಲವಾಗಿ ಕಾಣುತ್ತದೆ. ಒಂದು ಮಗ್ಗುಲಿಗೆ ಗೋಡೆಯೋ ಬೇಲಿಯೋ ಇದ್ದರೆ ಕುದುರೆ ಆ ಕಡೆ ಜಾರಿಕೊಳ್ಳುವುದು ತಪ್ಪುತ್ತದೆ. ಆದರೆ ಆ ಬೇಲಿ ಮುಳ್ಳುತಂತಿಯದ್ದಾಗಿರಬಾರದು. ಗೋಡೆಗೂ ಟ್ರೇಲರಿಗೂ ನಡುವೆ ಕಾಲು ಸಿಕ್ಕಿಕೊಳ್ಳುವಂಥ ಸಂದೂ ಇರಬಾರದು.

ಹಂತ 3: ಟ್ರೇಲರ್ ಕಣ್ಣಿಗೇ ಬೀಳದ ಕಡೆ ಪಾಠ ಶುರು ಮಾಡಿ

ಇದನ್ನು ಬಿಟ್ಟು ನೇರ ರ‍್ಯಾಂಪಿಗೆ ಹೋಗಬೇಕು ಅಂತ ಎಲ್ಲರಿಗೂ ಅನಿಸುತ್ತದೆ. ನನ್ನ ಅಭಿಪ್ರಾಯದಲ್ಲಿ ಒಟ್ಟು ಕೆಲಸದ ಮುಕ್ಕಾಲು ಪಾಲು ಇಲ್ಲೇ ಇದೆ.

ತರಬೇತುದಾರರು "ಪ್ರೆಶರ್–ರಿಲೀಸ್" ಎಂಬ ಮಾತು ಬಳಸುತ್ತಾರೆ. ಹಗ್ಗದಲ್ಲೋ ಕೋಲಿನಲ್ಲೋ ಸ್ವಲ್ಪ ಒತ್ತು ಕೊಡುವುದು, ಕುದುರೆ ಕೇಳಿದ್ದನ್ನು ಮಾಡಿದ ಕೂಡಲೇ ಆ ಒತ್ತನ್ನು ತೆಗೆಯುವುದು, ಇಷ್ಟೇ ಅದರ ಅರ್ಥ. ಕುದುರೆ ಕಲಿಯುವುದು ಒತ್ತಿನಿಂದಲ್ಲ, ಒತ್ತು ಹೋದ ಗಳಿಗೆಯಿಂದ. ಅದು ಕಾಲೆತ್ತಿದಾಗ ಸಡಿಲ ಬಿಟ್ಟರೆ ಕಾಲೆತ್ತುವುದನ್ನು ಕಲಿಯುತ್ತದೆ. ಎರಡು ಸೆಕೆಂಡ್ ತಡ ಮಾಡಿ, ಅಷ್ಟರಲ್ಲಿ ಅದು ತಲೆ ಒದರಿದ್ದರೆ, ತಲೆ ಒದರುವುದನ್ನು ಕಲಿಯುತ್ತದೆ. ನಿಮ್ಮ ಬೆರಳುಗಳು ಎಷ್ಟು ಬೇಗ ಸಡಿಲವಾಗುತ್ತವೆ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ.

*ಮುಂದೆ.* ಕುದುರೆಯ ಭುಜದ ಪಕ್ಕ ನಿಲ್ಲಿ. ಹಗ್ಗವನ್ನು ಬೆರಳುಗಳಿಂದ ಮೆಲ್ಲಗೆ ಮುಂದಕ್ಕೆ ಬಿಗಿ ಮಾಡಿ, ಕಾಯಿರಿ. ಕದಲದಿದ್ದರೆ ಜೋರಾಗಿ ಎಳೆಯಬೇಡಿ. 500 ಕಿಲೋ ಪ್ರಾಣಿಯನ್ನು ಎಳೆದು ಗೆದ್ದವರು ಯಾರೂ ಇಲ್ಲ. ಕೋಲನ್ನು ಹಿಂದಕ್ಕೆ ಚಾಚಿ ತೊಡೆಯ ಪಕ್ಕ ಟಪ್ ಟಪ್ ಎಂದು ಹಗುರವಾಗಿ ತಟ್ಟುತ್ತಾ ಇರಿ. ಒಂದು ಕಾಲು ಮುಂದೆ ಬಂತೋ, ತಟ್ಟುವುದು ನಿಲ್ಲಬೇಕು, ಹಗ್ಗ ಸಡಿಲವಾಗಬೇಕು. ಕತ್ತು ಸವರಿ.

*ಹಿಂದೆ.* ಹಗ್ಗವನ್ನು ಅದರ ಎದೆಯ ಕಡೆಗೆ ಮೆಲ್ಲಗೆ ಒತ್ತಿ. ಬೇಕಾದರೆ ಇನ್ನೊಂದು ಕೈಯ ಬೆರಳುಗಳಿಂದ ಎದೆ ಮುಟ್ಟಿ. ಒಂದೇ ಒಂದು ಹೆಜ್ಜೆ ಹಿಂದೆ, ಬಿಡಿ. ಎರಡು ಹೆಜ್ಜೆ ಕೇಳಿದರೆ ಎರಡೇ ಹೆಜ್ಜೆ. ದಡದಡ ಹಿಂದೆ ಓಡುವುದಕ್ಕೆ ಶಹಭಾಸ್ ಅನ್ನಬೇಡಿ. ನಿಧಾನವಾಗಿ, ನೇರವಾಗಿ, ನೀವು ಹೇಳಿದಷ್ಟೇ ಹೋಗಿ ನಿಲ್ಲಬೇಕು.

ಇವೆರಡರ ಜೊತೆ ಇನ್ನು ಮೂರು ಸಣ್ಣ ಪಾಠ. ಹಗ್ಗ ಕೆಳಕ್ಕೆ ಮೆಲ್ಲಗೆ ಬಿಗಿಯಾದರೆ ತಲೆ ತಗ್ಗಿಸುವುದು, ತೊಡೆ ಮುಟ್ಟಿದರೆ ಹಿಂಬದಿಯನ್ನು ಆಚೆ ಸರಿಸುವುದು, ಏನೂ ಹೇಳದಿದ್ದರೆ ಸುಮ್ನೆ ನಿಲ್ಲುವುದು. ಸುಮ್ಮನೆ ನಿಲ್ಲುವುದೂ ಒಂದು ಪಾಠವೇ, ಅಲ್ವಾ? ಟ್ರೇಲರಿನೊಳಗೆ ಅದು ಹೆಚ್ಚು ಹೊತ್ತು ಮಾಡಬೇಕಾದದ್ದು ಅದನ್ನೇ.

ಬಯಲಲ್ಲಿ ಇವೆಲ್ಲ ಚೆನ್ನಾಗಿ ಬಂದ ಮೇಲೆ ನೆಲದ ಮೇಲೆ ದಪ್ಪ ಪ್ಲೈವುಡ್ ಹಲಗೆ ಹಾಕಿ. ಅದರ ಮೇಲೆ ಕಾಲಿಟ್ಟಾಗ ಟ್ರೇಲರಿನ ನೆಲದಂತೆಯೇ ಟೊಳ್ಳು ಸದ್ದು ಬರುತ್ತದೆ. ಮೊದಲು ಮುಂಗಾಲು ಮಾತ್ರ ಇಡಿಸಿ, ಹಿಂದೆ ಸರಿಸಿ ತೆಗೆಸಿ. ಆಮೇಲೆ ನಾಲ್ಕೂ ಕಾಲು ಇಡಿಸಿ, ಮತ್ತೆ ಹಿಂದೆ ಸರಿಸಿ. ಎರಡು ಡ್ರಮ್ಮುಗಳ ನಡುವೆ ನಡೆಸಿ, ಅಂತರವನ್ನು ದಿನ ದಿನ ಕಡಿಮೆ ಮಾಡಿ. ಸಣ್ಣ ಇಳಿಜಾರಿನಲ್ಲಿ ಹಿಮ್ಮುಖವಾಗಿ ಇಳಿಸಿ. ರ‍್ಯಾಂಪಿಲ್ಲದ, ಮೆಟ್ಟಿಲಿನಂತೆ ಹತ್ತುವ ಟ್ರೇಲರ್ ನಿಮ್ಮದಾಗಿದ್ದರೆ ಕಟ್ಟೆಯಂಥ ಸಣ್ಣ ಎತ್ತರದಿಂದ ಹಿಂದಕ್ಕೆ ಇಳಿಯುವ ಅಭ್ಯಾಸ ಬೇಕೇ ಬೇಕು. ನೆಲ ಎಲ್ಲಿದೆ ಎಂದು ಕಾಣದೆ ಹಿಂಗಾಲು ಕೆಳಗಿಡುವುದು ಕುದುರೆಗೆ ದೊಡ್ಡ ಧೈರ್ಯದ ಕೆಲಸ.

ಪಾಠ ಒಂದು ಸಲಕ್ಕೆ ಹತ್ತು ಹದಿನೈದು ನಿಮಿಷ ಸಾಕು. ಚೆನ್ನಾಗಿ ಮಾಡಿದಾಗಲೇ ನಿಲ್ಲಿಸಿ.

ಹಂತ 4: ಹತ್ತಿರ ಹೋಗಿ, ವಾಪಸ್ ಬನ್ನಿ

ಈಗ ಟ್ರೇಲರಿನ ಕಡೆ ನಡೆಯಿರಿ. ಹತ್ತಿಸಲು ಅಲ್ಲ, ಸುಮ್ನೆ. ಎಲ್ಲೋ ಒಂದು ಕಡೆ ಕುದುರೆಯ ಕಿವಿ ನೆಟ್ಟಗಾಗುತ್ತದೆ, ತಲೆ ಮೇಲೇಳುತ್ತದೆ, ಹೆಜ್ಜೆ ಸಣ್ಣದಾಗುತ್ತದೆ. ಅದು ಕಾಲೂರಿ ನಿಲ್ಲುವ ಮೊದಲೇ ನೀವು ನಿಲ್ಲಿ. ತಲೆ ಸ್ವಲ್ಪ ಕೆಳಗೆ ಬರುವ ತನಕ ಕಾಯಿರಿ. ಆಮೇಲೆ ನೀವಾಗಿಯೇ ಅದನ್ನು ದೂರ ಕರೆದುಕೊಂಡು ಹೋಗಿ. ಮತ್ತೆ ಬನ್ನಿ, ಈ ಸಲ ಒಂದೆರಡು ಹೆಜ್ಜೆ ಹತ್ತಿರಕ್ಕೆ.

ಕುದುರೆ ಹೆದರಿ ಓಡಿಹೋದದ್ದಕ್ಕೂ, ಶಾಂತವಾಗಿ ನಿಂತ ಮೇಲೆ ನೀವು ಕರೆದುಕೊಂಡು ಹೋದದ್ದಕ್ಕೂ ವ್ಯತ್ಯಾಸ ಬಹಳ. ಮೊದಲನೆಯದರಲ್ಲಿ ಅದು ಜಗ್ಗಿ ಗೆದ್ದಿತು. ಎರಡನೆಯದರಲ್ಲಿ ನಿಂತು ಗೆದ್ದಿತು.

ಮೂಸಲಿ, ನೋಡಲಿ, ಗೊರಸಿನಿಂದ ರ‍್ಯಾಂಪನ್ನು ಕೆರೆಯಲಿ. ಕೆರೆಯುವುದನ್ನು ಬೈಯಬೇಡಿ. ಅದು ನೆಲ ಗಟ್ಟಿಯಿದೆಯೇ ಎಂದು ನೋಡುತ್ತಿದೆ.

ಹಂತ 5: ರ‍್ಯಾಂಪಿನ ಮೇಲೆ ಒಂದು ಕಾಲು

ನೇರವಾಗಿ ರ‍್ಯಾಂಪಿನ ನಡುಮಧ್ಯಕ್ಕೆ ಬನ್ನಿ. ಓರೆಯಾಗಿ ಬಂದರೆ ಕಾಲು ಅಂಚಿನಿಂದ ಜಾರುತ್ತದೆ. ಒಮ್ಮೆ ಜಾರಿತೆಂದರೆ ಒಂದು ವಾರದ ಕೆಲಸ ಹಾಳು. ಹಗ್ಗದಲ್ಲಿ ಮುಂದಿನ ಸೂಚನೆ ಕೊಡಿ. ಒಂದು ಮುಂಗಾಲು ರ‍್ಯಾಂಪ್ ಮುಟ್ಟಿದ ಕೂಡಲೇ ಎಲ್ಲ ಸಡಿಲ. ಕತ್ತು ಸವರಿ, ಒಂದು ಚೂರು ಕ್ಯಾರೆಟ್ ಕೊಡಿ. ಈಗ ಬಹಳ ಜನಕ್ಕೆ ಒಪ್ಪಿಗೆಯಾಗದ ಮಾತು: ಅದು ತಾನಾಗಿ ಇಳಿಯುವ ಮೊದಲು ನೀವೇ ಹಿಂದೆ ಸರಿಸಿ ಇಳಿಸಿ.

"ಇಷ್ಟು ಕಷ್ಟಪಟ್ಟು ಇಡಿಸಿದ ಕಾಲನ್ನು ನಾನೇ ತೆಗೆಸಬೇಕಾ?" ಹೌದು. ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ. ಎರಡು ಮುಂಗಾಲು ಮೇಲೆ, ಮತ್ತೆ ಕೆಳಗೆ. ಅರ್ಧ ಮೈ ಒಳಗೆ, ಮತ್ತೆ ಹೊರಗೆ. ಇಲ್ಲಿಂದ ಹೊರಗೆ ಬರಬಹುದು, ಅದೂ ನಿಧಾನವಾಗಿ, ಅಂತ ಗೊತ್ತಾದಷ್ಟೂ ಅದು ಒಳಗೆ ಹೋಗಲು ಹಿಂಜರಿಯುವುದು ಕಡಿಮೆಯಾಗುತ್ತದೆ. ಮೂರು ಕಾಲು ಮೇಲಿದ್ದಾಗ "ಇನ್ನೊಂದೇ ಕಾಲು, ತಳ್ಳಿಬಿಡೋಣ" ಅನಿಸುತ್ತದೆ. ಆ ಆಸೆ ತಡೆದುಕೊಳ್ಳಿ. ಹಾಗೆ ಹತ್ತಿಸಿದ ಕುದುರೆ ಒಳಗೆ ಹೋದ ಮರುಕ್ಷಣ ಗುಂಡಿನಂತೆ ಹಿಂದಕ್ಕೆ ಬರುತ್ತದೆ.

ಬಹುಮಾನದ ಬಗ್ಗೆ ಒಂದು ಮಾತು. ಹೆಜ್ಜೆ ಇಟ್ಟ ಮೇಲೆ ಕೊಟ್ಟದ್ದು ಬಹುಮಾನ, ಇಡುವ ಮೊದಲು ತೋರಿಸಿದ್ದು ಲಂಚ. ಬಕೆಟ್ ತೋರಿಸಿ ಕರೆದರೆ ಕುದುರೆ ಹಿಂಗಾಲನ್ನು ನೆಲಕ್ಕೆ ನೆಟ್ಟು ಕತ್ತನ್ನಷ್ಟೇ ಚಾಚುತ್ತದೆ. ತಿಂದು ಮುಗಿಸಿ ಹಿಂದೆ ಬರುತ್ತದೆ. ಜಾಣ ಪ್ರಾಣಿ.

ಇಲ್ಲಿ ಬರುವ ತೊಂದರೆಗಳು ಹೆಚ್ಚುಕಡಿಮೆ ನಾಲ್ಕು ಬಗೆ.

*ಮಗ್ಗುಲಿಗೆ ಜಾರಿಕೊಳ್ಳುವುದು.* ಸಾಮಾನ್ಯವಾಗಿ ಒಂದೇ ಬದಿಗೆ ಜಾರುತ್ತದೆ. ಗೋಡೆಯನ್ನು ಆ ಬದಿಗೆ ಬರುವಂತೆ ಮಾಡಿ. ಹಿಂಬದಿ ಸರಿಸುವ ಪಾಠ ಈಗ ಉಪಯೋಗಕ್ಕೆ ಬರುತ್ತದೆ. ಮೊದಲು ಮೈ ನೇರ ಮಾಡಿ, ಆಮೇಲಷ್ಟೇ ಮುಂದಿನ ಹೆಜ್ಜೆ ಕೇಳಿ. ಸೊಟ್ಟ ನಿಂತ ಕುದುರೆಗೆ "ಮುಂದೆ ಬಾ" ಅನ್ನುವುದು ವ್ಯರ್ಥ.

*ಕಲ್ಲಿನಂತೆ ನಿಂತುಬಿಡುವುದು.* ಅದರ ಮುಖ ನೋಡಿ. ಕಣ್ಣು ಅಗಲವಾಗಿ, ಮೂಗಿನ ಹೊಳ್ಳೆ ಅರಳಿ, ಮೈ ಬಿಗಿಯಾಗಿದ್ದರೆ ಅದು ಹೆದರಿದೆ. ಒತ್ತು ಹೆಚ್ಚಿಸಬೇಡಿ, ಕಾಯಿರಿ, ಇಲ್ಲವೇ ಒಂದು ಹೆಜ್ಜೆ ಹಿಂದೆ ಸರಿಸಿ ಮತ್ತೆ ಕೇಳಿ. ಕಣ್ಣು ಮೆತ್ತಗೆ, ಒಂದು ಹಿಂಗಾಲು ಮಡಚಿ ಆರಾಮವಾಗಿ ನಿಂತಿದ್ದರೆ ಅದಕ್ಕೆ ಸೂಚನೆ ತಲುಪಿಲ್ಲ. ಕೋಲಿನಿಂದ ತಟ್ಟುವುದನ್ನು ಒಂದೇ ತಾಳದಲ್ಲಿ, ಬೇಸರಪಡದೆ ಮುಂದುವರಿಸಿ. ನಡುವೆ ಬಿಡಬೇಡಿ. ಕಾಲು ಕದಲಿದ ಮೇಲೇ ಬಿಡಬೇಕು.

*ಹಿಂದಕ್ಕೆ ನುಗ್ಗುವುದು.* ಜಗ್ಗಾಟಕ್ಕೆ ನಿಲ್ಲಬೇಡಿ. ಹಗ್ಗ ಬಿಗಿಯಾದಷ್ಟೂ ಅದು ತಲೆ ಎತ್ತಿ ಚಾವಣಿಗೆ ಬಡಿದುಕೊಳ್ಳುತ್ತದೆ. ಹಗ್ಗದಲ್ಲಿ ಹಗುರವಾದ ಹಿಡಿತ ಇಟ್ಟುಕೊಂಡೇ ಅದರ ಜೊತೆ ನಡೆಯಿರಿ. ನಿಂತ ಕೂಡಲೇ ಬೈಯದೆ, ಸವರದೆ, ಒಂದು ಹೆಜ್ಜೆ ಮುಂದೆ ಕೇಳಿ. ಆ ಹೆಜ್ಜೆ ಬಂದಾಗ ಸಡಿಲ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಲೇಬೇಡಿ. ಬೆರಳು ಹೋಗುತ್ತವೆ, ಕೆಲವು ಸಲ ಕುದುರೆ ಮನುಷ್ಯನನ್ನೇ ಎಳೆದುಕೊಂಡು ಹೋಗುತ್ತದೆ.

*ಮುಂಗಾಲೆತ್ತಿ ನಿಲ್ಲುವುದು.* ಇದು ಅಪಾಯ. ಹಗ್ಗ ಸಡಿಲ ಬಿಟ್ಟು ಬದಿಗೆ ಸರಿಯಿರಿ, ಎದುರಿಗೆ ಯಾವತ್ತೂ ನಿಲ್ಲಬೇಡಿ. ಪದೇ ಪದೇ ಹೀಗೆ ಮಾಡುವ ಕುದುರೆಯನ್ನು ನೀವೇ ತಿದ್ದಲು ಹೋಗಬೇಡಿ, ಅನುಭವವಿರುವ ತರಬೇತುದಾರರಿಗೆ ಒಪ್ಪಿಸಿ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಹಂತ 6: ಒಳಗೆ ಹೋಗಿ ನಿಲ್ಲುವುದು

ನಾಲ್ಕೂ ಕಾಲು ಒಳಗೆ ಹೋದ ಮೊದಲ ಸಲ ಬಾಗಿಲು ಮುಚ್ಚಬೇಡಿ. ಕೆಲವು ಕ್ಷಣ ನಿಲ್ಲಿಸಿ, ಬಹುಮಾನ ಕೊಟ್ಟು ಹೊರಗೆ ತನ್ನಿ. ಮತ್ತೆ ಒಳಗೆ, ಮತ್ತೆ ಹೊರಗೆ. ಒಳಗೆ ಹುಲ್ಲಿನ ಬಲೆ ತೂಗುಹಾಕಿ. ಖಾಲಿಯಾದಾಗ ಬಲೆ ಜೋತು ಕೆಳಗೆ ಬರುತ್ತದೆ. ಆಗಲೂ ಗೊರಸು ಸಿಕ್ಕಿಕೊಳ್ಳದಷ್ಟು ಎತ್ತರದಲ್ಲಿ ಇರಬೇಕು. ಹುಲ್ಲು ಟ್ರೇಲರಿನೊಳಗೇ ಸಿಗುತ್ತದೆ ಎಂದಾದರೆ ಕೆಲವೇ ದಿನಗಳಲ್ಲಿ ಕುದುರೆಯ ಮನಸ್ಸು ಬದಲಾಗುತ್ತದೆ.

ನೀವು ಒಳಗೆ ಇರುವಾಗ ನಿಮಗೆ ಹೊರಹೋಗುವ ದಾರಿ ಇದೆಯೇ ಎಂದು ನೋಡಿಕೊಳ್ಳಿ. ಮುಂದಿನ ಸಣ್ಣ ಬಾಗಿಲು ತೆರೆದಿರಲಿ. ಕುದುರೆ ಮತ್ತು ಗೋಡೆಯ ನಡುವೆ ಸಿಕ್ಕಿಕೊಳ್ಳಬೇಡಿ. ನೀವು ಒಳಗೆ ಹೋಗದೆಯೇ, ರ‍್ಯಾಂಪಿನ ಪಕ್ಕ ನಿಂತು ಕುದುರೆಯನ್ನು ಮಾತ್ರ ಒಳಗೆ ಕಳಿಸುವುದನ್ನು ಕಲಿಸಿದರೆ ಇನ್ನೂ ಒಳ್ಳೆಯದು.

ಹಂತ 7: ಹಿಂದಿನ ಅಡ್ಡಪಟ್ಟಿ, ಬಾಗಿಲು, ಕಟ್ಟುವುದು

ಕುದುರೆಯ ತೊಡೆಯ ಹಿಂದೆ ಅಡ್ಡವಾಗಿ ಹಾಕುವ ಸರಳು ಅಥವಾ ಪಟ್ಟಿಗೆ ಬಟ್ ಬಾರ್ ಎನ್ನುತ್ತಾರೆ. ಅದರ ಸ್ಪರ್ಶ ಕುದುರೆಗೆ ಹೊಸದು. ಬಯಲಲ್ಲೇ ಒಂದು ಹಗ್ಗವನ್ನು ತೊಡೆಯ ಹಿಂದೆ ಮೆಲ್ಲಗೆ ತಾಗಿಸಿ ಅಭ್ಯಾಸ ಮಾಡಿಸಿ. ಬಾಗಿಲಿನ ಸದ್ದಿಗೂ ಹಾಗೆಯೇ. ಕುದುರೆ ಹೊರಗೆ ಹುಲ್ಲು ತಿನ್ನುತ್ತಿರುವಾಗ ಸಹಾಯಕರು ಬಾಗಿಲು ತೆಗೆದು ಹಾಕಿ ಮಾಡುತ್ತಿರಲಿ.

ಈಗ ಹೇಳುವ ಕ್ರಮವನ್ನು ಬರೆದು ಟ್ರೇಲರಿಗೇ ಅಂಟಿಸಿ:

ಹತ್ತಿಸುವಾಗ ಮೊದಲು ಹಿಂದಿನ ಪಟ್ಟಿ, ಆಮೇಲೆ ಬಾಗಿಲು, ಕೊನೆಗೆ ತಲೆ ಕಟ್ಟುವುದು.
ಇಳಿಸುವಾಗ ಮೊದಲು ತಲೆ ಬಿಚ್ಚುವುದು, ಆಮೇಲೆ ಬಾಗಿಲು, ಕೊನೆಗೆ ಹಿಂದಿನ ಪಟ್ಟಿ.

ತಲೆ ಕಟ್ಟಿದ್ದು ಹಿಂದೆ ಖಾಲಿ ಇದ್ದರೆ ಕುದುರೆ ಹಿಂದಕ್ಕೆ ಬರುತ್ತದೆ, ಹಗ್ಗ ತಡೆಯುತ್ತದೆ. ಗಾಬರಿಯಾಗಿ ಜಗ್ಗಿ ಬೀಳುತ್ತದೆ. ದೊಡ್ಡ ಅಪಘಾತಗಳು ಆಗುವುದು ಹೀಗೆ. ರ‍್ಯಾಂಪ್ ಎತ್ತುವವರೂ ಇಳಿಸುವವರೂ ಬದಿಯಲ್ಲಿ ನಿಲ್ಲಬೇಕು, ನೇರ ಹಿಂದೆ ಅಲ್ಲ. ಒಳಗಿನಿಂದ ಕುದುರೆ ತಳ್ಳಿದರೆ ರ‍್ಯಾಂಪ್ ನಿಮ್ಮ ಮೇಲೇ ಬೀಳುತ್ತದೆ.

ಕಟ್ಟುವಾಗ ಒಂದೇ ಎಳೆತಕ್ಕೆ ಬಿಚ್ಚುವ ಜಾರುಗಂಟು ಹಾಕಿ. ಉಂಗುರಕ್ಕೆ ನೇರ ಕಟ್ಟದೆ, ತೆಳು ಸುತಲಿಯ ಕುಣಿಕೆಗೆ ಕಟ್ಟಿ. ತೀರಾ ಜಗ್ಗಿದರೆ ಸುತಲಿ ಹರಿಯಲಿ. ಹಗ್ಗದ ಉದ್ದ ಹೇಗಿರಬೇಕೆಂದರೆ ತಲೆ ಸ್ವಲ್ಪ ತಗ್ಗಿಸಲು ಆಗಬೇಕು, ಹಿಂದೆ ತಿರುಗಲು ಆಗಬಾರದು.

ಹಂತ 8: ಗಾಡಿ ಓಡಿಸುವುದು

ಮೊದಲು ಎಂಜಿನ್ ಮಾತ್ರ ಚಾಲೂ ಮಾಡಿ, ಆಫ್ ಮಾಡಿ, ಇಳಿಸಿ. ಇನ್ನೊಂದು ದಿನ ಕೆಲವು ನಿಮಿಷ ಸುತ್ತಿಸಿ, ಹೊರಟ ಜಾಗಕ್ಕೇ ವಾಪಸ್ ಬನ್ನಿ. ಟ್ರೇಲರ್ ಹತ್ತಿದಾಗಲೆಲ್ಲ ವೈದ್ಯರ ಹತ್ತಿರವೋ ಸ್ಪರ್ಧೆಗೋ ಹೋಗಬೇಕು ಅಂತ ಕುದುರೆಗೆ ಅನಿಸಬಾರದು.

ಎರಡು ಕುದುರೆ ಹಿಡಿಸುವ ಟ್ರೇಲರಿನಲ್ಲಿ ಒಂದೇ ಕುದುರೆ ಇದ್ದರೆ ಅದನ್ನು ರಸ್ತೆಯ ನಡುವಿನ ಕಡೆಯ ಬದಿಗೆ ನಿಲ್ಲಿಸಿ. ರಸ್ತೆ ಅಂಚಿನ ಕಡೆಗೆ ಇಳಿಜಾರಾಗಿರುತ್ತದೆ, ಭಾರ ಆ ಕಡೆ ಬೀಳಬಾರದು. ಎರಡು ಕುದುರೆ ಇದ್ದರೆ ತೂಕ ಜಾಸ್ತಿ ಇರುವುದು ಅದೇ ಬದಿಗೆ.

ಇಷ್ಟೆಲ್ಲ ಕಲಿಸಿದ್ದನ್ನು ಕೆಟ್ಟ ಚಾಲಕ ಒಂದೇ ತಿರುವಿನಲ್ಲಿ ಅಳಿಸಿಬಿಡಬಲ್ಲ. ತಿರುವು ಬರುವ ಮೊದಲೇ ವೇಗ ಇಳಿಸಿ, ತಿರುವು ಪೂರ್ತಿ ಮುಗಿದು ಟ್ರೇಲರ್ ನೇರವಾದ ಮೇಲೆ ಏರಿಸಿ. ಬ್ರೇಕನ್ನು ಮುಂಚಿನಿಂದಲೇ ಮೆಲ್ಲಗೆ ಒತ್ತಿ. ಟ್ರೇಲರಿನೊಳಗೆ ಕುದುರೆ ಇರುವಾಗ ಮನುಷ್ಯರು ಕೂರಬಾರದು.

ದೂರದ ಪ್ರಯಾಣವಾದರೆ ಮೂರ್ನಾಲ್ಕು ಗಂಟೆಗೊಮ್ಮೆ ನಿಲ್ಲಿಸಿ ನೀರು ಕೊಡಿ. ಹಗ್ಗ ಸಡಿಲಿಸಿ ತಲೆ ಪೂರ್ತಿ ತಗ್ಗಿಸಲು ಬಿಡಿ. ಕುದುರೆ ಶ್ವಾಸನಾಳದ ಕೊಳೆಯನ್ನು ಹೊರಹಾಕುವುದು ತಲೆ ಕೆಳಗಿಟ್ಟಾಗ. ಗಂಟೆಗಟ್ಟಲೆ ತಲೆ ಎತ್ತಿ ಕಟ್ಟಿದರೆ ಧೂಳೂ ರೋಗಾಣುವೂ ಒಳಗೇ ಉಳಿದು ಶ್ವಾಸಕೋಶಕ್ಕೆ ಸೋಂಕು ತಗಲಬಹುದು. ಇದನ್ನು "ಶಿಪ್ಪಿಂಗ್ ಫೀವರ್" ಎನ್ನುತ್ತಾರೆ. ಪ್ರಯಾಣದ ನಂತರ ಜ್ವರ, ಕೆಮ್ಮು, ಮೇವು ಬಿಡುವುದು ಕಂಡರೆ ಪಶುವೈದ್ಯರನ್ನು ಕರೆಯಲು ತಡ ಮಾಡಬೇಡಿ.

ಪಾಠಕ್ಕೆ ಸಮಯವಿಲ್ಲ, ಇವತ್ತೇ ಹೋಗಬೇಕು ಅಂದರೆ?

ಹೊಟ್ಟೆನೋವು ಬಂದ ಕುದುರೆಯನ್ನು ಆಸ್ಪತ್ರೆಗೆ ಒಯ್ಯಬೇಕಾಗಬಹುದು. ಆಗ ಇಷ್ಟು ಮಾಡಿ. ಅಡ್ಡಗೋಡೆ ಸರಿಸಿ ಒಳಗೆ ವಿಶಾಲ ಮಾಡಿ. ಟ್ರೇಲರಿಗೆ ಅಭ್ಯಾಸವಿರುವ ಶಾಂತ ಕುದುರೆ ಇದ್ದರೆ ಮೊದಲು ಅದನ್ನು ಹತ್ತಿಸಿ. ಗಟ್ಟಿ ಗೇಟುಗಳನ್ನು ಎರಡು ಬದಿ ನಿಲ್ಲಿಸಿ ರ‍್ಯಾಂಪಿಗೆ ಹೋಗುವ ಓಣಿ ಮಾಡಿ. ಇಬ್ಬರೇ ಇರಿ, ಕೂಗಾಡಬೇಡಿ.

ಹಿಂದಿನಿಂದ ಹಗ್ಗ ಸುತ್ತಿ ಇಬ್ಬರು ಎಳೆಯುವ ಉಪಾಯ ಎಲ್ಲ ಕಡೆ ಬಳಕೆಯಲ್ಲಿದೆ. ಕೆಲವು ಕುದುರೆಗಳ ಮೇಲೆ ಅದು ಕೆಲಸವನ್ನೂ ಮಾಡುತ್ತದೆ. ನಾನು ಸಲಹೆ ಮಾಡುವುದಿಲ್ಲ. ಒದೆತ ಬೀಳುವುದು, ಹಗ್ಗ ಕಾಲಿಗೆ ಸಿಕ್ಕುವುದು, ಕುದುರೆ ಹಿಂದಕ್ಕೆ ಮಗುಚಿ ಬೀಳುವುದು, ಎಲ್ಲಕ್ಕೂ ಅಲ್ಲಿ ಅವಕಾಶವಿದೆ. ಮತ್ತು ಮುಂದಿನ ಸಲ ಇನ್ನೂ ಕಷ್ಟವಾಗುತ್ತದೆ.

ಮಂಪರು ಬರಿಸುವ ಔಷಧವನ್ನು ಪಶುವೈದ್ಯರು ಮಾತ್ರ ಕೊಡಬೇಕು. ಯಾರದೋ ಬಳಿ ಉಳಿದ ಇಂಜೆಕ್ಷನ್ ತಂದು ಚುಚ್ಚಬೇಡಿ. ಮಂಪರಿನಲ್ಲಿರುವ ಕುದುರೆಗೆ ಓಡುವ ಗಾಡಿಯಲ್ಲಿ ಸಮತೋಲ ಇರುವುದಿಲ್ಲ, ಬಿದ್ದರೆ ಏಳಲಾಗುವುದಿಲ್ಲ. ಪ್ರಮಾಣ ಎಷ್ಟು, ಕೊಟ್ಟ ಎಷ್ಟು ಹೊತ್ತಿನ ಮೇಲೆ ಹೊರಡಬಹುದು ಎನ್ನುವುದನ್ನು ಅವರೇ ಹೇಳಬೇಕು.

ಹೀಗೆ ಅವಸರದಲ್ಲಿ ಹತ್ತಿಸಿದ ಕುದುರೆ ಚೇತರಿಸಿಕೊಂಡ ಮೇಲೆ ಹಂತ 3ಕ್ಕೆ ವಾಪಸ್ ಹೋಗಿ, ಮೊದಲಿನಿಂದ ಶುರು ಮಾಡಿ. ಈ ಸಲ ಬೇಗ ಮುಗಿಯುತ್ತದೆ. ಕಲಿತ ಮೇಲೂ ವಾರಕ್ಕೊಮ್ಮೆಯಾದರೂ ಎಲ್ಲಿಗೂ ಹೋಗದೆ ಹತ್ತಿಸಿ, ಒಳಗೆ ಹುಲ್ಲು ತಿನ್ನಿಸಿ, ಒಂದೊಂದೇ ಹೆಜ್ಜೆ ಹಿಂದೆ ಸರಿಸಿ ಇಳಿಸಿ.